ಮಗಳ ಗುಮ್ಮಟ ಮುರಿದವರಿಗೆ

ರೀ,

ಊಟ ಮೇಜಿನ ಮೇಲಿದೆ. ಬಿಸಿ ಮಾಡಿಕೊಳ್ಳಲು ಕೈ ನಿಮಗೂ ಇದೆ.

ನಿನ್ನೆ ಆಫೀಸಿನಿಂದ ಬಂದವರೇ, ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುವ ಹಾಗೆ, ಮಗಳು ರಟ್ಟಿನ ತ್ರಿಕೋನಗಳನ್ನು ಅಂಟಿಸಿ ಮಾಡಿಟ್ಟಿದ್ದ ಗುಮ್ಮಟದ ಮೇಲೆ ಬ್ಯಾಗ್ ಕುಕ್ಕಿದಿರಿ. ಮುರಿದದ್ದನ್ನು ಸೋಫಾದ ಹಿಂದೆ ತಳ್ಳಿದ್ದನ್ನೂ ಅಡುಗೆಮನೆಯಿಂದ ನೋಡಿದೆ. ಆಮೇಲೆ ಅವಳೆದುರು ನಿಂತು, "ಗಾಳಿಗೆ ಬಿದ್ದಿರ್ಬೇಕು ಪುಟ್ಟಿ" ಅಂದಿರಲ್ಲ, ಕಿಟಕಿ ಮುಚ್ಚಿತ್ತು ಕಣ್ರೀ!

ನಾಳೆ ಅವಳು ಅದನ್ನು ತರಗತಿಯಲ್ಲಿ ತೋರಿಸಬೇಕು. ಇವತ್ತು ನಿಮಗೆ ರಜೆ. ಕೂತು ಜೋಡಿಸಿ. ತ್ರಿಕೋನಗಳೆಲ್ಲ ಒಂದೇ ಅಳತೆಯವಲ್ಲ. ನೀಲಿಯವು ದೊಡ್ಡವು, ಬಿಳಿಯವು ಚಿಕ್ಕವು. ಬೆರೆಸಿದರೆ ಆಕಾರ ಕೆಟ್ಟು ಗುಮ್ಮಟ ಮುಚ್ಚುವುದೇ ಇಲ್ಲ. ನೆತ್ತಿಯಲ್ಲಿ ಐದು ಬಿಳಿ ತ್ರಿಕೋನಗಳ ತುದಿಗಳು ಸೇರಬೇಕು. ಸೊಟ್ಟಗಾದವನ್ನು ಎಸೆದು ಹೊಸದು ಕತ್ತರಿಸಿ. ಅಂಟು ಒಣಗುವ ತನಕ ಬೆರಳಲ್ಲಿ ಒತ್ತಿ ಹಿಡಿಯಬೇಕು. ತಾಳ್ಮೆ ಇಲ್ಲದಿದ್ದರೆ ಪಕ್ಕದ ಮನೆಯಿಂದ ಕಡ ತನ್ನಿ.

ಬೆಳಿಗ್ಗೆ ತಲೆ ಬಾಚುವಾಗ ಅವಳಿಗೆ ನಿಜ ಹೇಳಲು ಹೊರಟೆ. ಅವಳೇ ನನ್ನ ಕೈ ಹಿಡಿದು, "ನಂಗೊತ್ತಮ್ಮ. ಅಪ್ಪನ್ನ ಕೇಳ್ಬೇಡ, ಇನ್ನೊಂದು ಸುಳ್ಳು ಹೇಳ್ತಾರೆ" ಅಂದಳು.

ಗುಮ್ಮಟ ನಿಲ್ಲದಿದ್ದರೆ ನಾನು ಬಂದು ನಿಲ್ಲಿಸುತ್ತೇನೆ. ಆದರೆ ಸಂಜೆ ಅವಳು ಶಾಲೆಯಿಂದ ಬಂದಾಗ ಬಾಗಿಲು ನೀವೇ ತೆಗೆಯಿರಿ. ಅವಳು ಚಪ್ಪಲಿ ಬಿಡುವ ಮೊದಲೇ ನಿಜ ಹೇಳಿ.