ಇನ್ನೊಂದು ಸೀತಮ್ಮನನ್ನು ಮಾಡುವುದಿಲ್ಲವೆಂದು ಬರೆದುಕೊಟ್ಟವರಿಗೆ

ಹೊಳೆ ಎರಡನೇ ಸಲ ದಿಕ್ಕು ಬದಲಿಸಿದ ವರ್ಷ, ಹದಿನಾಲ್ಕನೆಯ ತಿಂಗಳು, ಮೂವತ್ತಾರನೆಯ ತಾರೀಖು. ಹೊಸಪೇಟೆ.

ಮುತ್ತಾತ ಯಮನೂರಪ್ಪನವರಿಗೆ, ನಿಮಗಿಂತ ಆರು ತಲೆಮಾರು ಈಚೆ ಹುಟ್ಟಿದ ಹುಲಿಗೆಮ್ಮ ಬರೆಯುವುದು. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವಾಗಿ ಕಾಣಬಹುದು, ಅದಕ್ಕೆ ಕ್ಷಮೆ ಇರಲಿ. ಬಯ್ಗುಳ ಮಾತ್ರ ನಿಮ್ಮ ಕಾಲದವೇ, ಅರ್ಥವಾಗುತ್ತವೆ. ಅವಕ್ಕೆ ಕ್ಷಮೆ ಕೇಳುವುದಿಲ್ಲ.

ನಾಳೆ ನೀವು ಮೊಬೈಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಸ್ಟುಡಿಯೊ ತೆರೆಯುತ್ತೀರಿ. ನಮ್ಮ ತೊಗಲುಗೊಂಬೆಗಳನ್ನು ಬೆಳಕಿಗೆ ಹಿಡಿದು ಫೋಟೊ ತೆಗೆದು, ಕಂಪ್ಯೂಟರಿನಲ್ಲಿ ಕೈಕಾಲು ಆಡಿಸಿ, ಡಿಜಿಟಲ್ ಕಲಾಕೃತಿಗಳೆಂದು ಸಂಗ್ರಹಕಾರರಿಗೆ ಮಾರುವ ಸ್ಟುಡಿಯೊ. ಹೊಸ ಅಂಗಿಯನ್ನೂ ಹೊಲಿಸಿದ್ದೀರಂತೆ. ತೆರೆಯಿರಿ, ನನ್ನ ತಕರಾರಿಲ್ಲ. ಆಟಕ್ಕೆ ಕರೆಯುವವರಿಲ್ಲದ ಕಾಲದಲ್ಲಿ ಹೊಟ್ಟೆಪಾಡಿಗೆ ದಾರಿ ಹುಡುಕಿದಿರಿ. ಆದರೆ ಪ್ರತಿ ಗೊಂಬೆಯ ಕೆಳಗೆ ಸೇರಿಸಲೆಂದು ಒಂದು ಸಾಲು ಬರೆದಿಟ್ಟುಕೊಂಡಿದ್ದೀರಲ್ಲ, ಜಗತ್ತಿನಲ್ಲಿ ಇದೊಂದೇ, ನಾನಾಗಲಿ ನನ್ನ ವಂಶದವರಾಗಲಿ ಇನ್ನೊಂದನ್ನು ಮಾಡುವುದಿಲ್ಲ ಎಂದು. ಅದನ್ನು ಬರೆಯುವಾಗ ನಿಮ್ಮ ಬುದ್ಧಿ ಹುಲ್ಲು ಮೇಯಲು ಹೋಗಿತ್ತೇ?

ನಿಮ್ಮ ಯೋಚನೆ ನನಗೆ ಗೊತ್ತು. ಸವೆದ ಗೊಂಬೆಗೆ ಅರಿಶಿನ ಕುಂಕುಮ ಹಚ್ಚಿ ಹೊಳೆಗೆ ಬಿಡುತ್ತೇವೆ, ಹೊಸ ತೊಗಲಿನಲ್ಲಿ ಮತ್ತೆ ಕೆತ್ತುತ್ತೇವೆ. ನಮ್ಮವರ ಕಣ್ಣಿಗೆ ಅದು ಇನ್ನೊಂದಲ್ಲ. ಅದೇ ಸೀತಮ್ಮ, ತೊಗಲು ಬದಲಾಯಿಸಿ ಬಂದಿದ್ದಾಳೆ ಅಷ್ಟೇ. ಹಾಗಾಗಿ ಇನ್ನೊಂದನ್ನು ಮಾಡುವುದಿಲ್ಲ ಎನ್ನಲು ನಿಮಗೆ ನಾಲಿಗೆ ತಡವರಿಸಲಿಲ್ಲ. ಕೊಳ್ಳುವವರು ಹಾಗೆ ನೋಡುವುದಿಲ್ಲ ಎಂದು ಮನೆಯ ಹೆಂಗಸರನ್ನು ಒಂದು ಮಾತು ಕೇಳಿದ್ದರೂ ಹೇಳುತ್ತಿದ್ದರು.

ಇಲ್ಲಿ ನಮ್ಮ ಕಾಲದಲ್ಲಿ ಪ್ರತಿ ಮನೆಯ ತೊಲೆಗೂ ಗುರುತುಗಣ್ಣು ತೂಗುಹಾಕಿದ್ದಾರೆ. ಬದನೆಕಾಯಿ ಗಾತ್ರದ ಯಂತ್ರ ಅದು. ಒಬ್ಬರ ಒಡೆತನದ ರೂಪವನ್ನು ಬೇರೆಯವರು ಬರೆದರೂ ಕೆತ್ತಿದರೂ ಕಂಡುಹಿಡಿಯುತ್ತದೆ. ನನ್ನ ತಾಯಿಯ ಕಾಲಕ್ಕೆ ಬಂತು. ಅಲ್ಲಿಯವರೆಗೆ ನಿಮ್ಮ ಸಾಲನ್ನು ಯಾರೂ ಓದಿರಲಿಲ್ಲ, ನಾವು ನಿಶ್ಚಿಂತೆಯಿಂದ ಕೆತ್ತಿಕೊಂಡಿದ್ದೆವು. ತೊಗಲಿಗೆಂದು ಆಡು ಕಡಿಯುವುದು ನಿಂತು ಎಷ್ಟೋ ಕಾಲವಾಯಿತು. ಈಗ ಇರುವುದು ತೊಟ್ಟಿತೊಗಲು, ತೊಟ್ಟಿಯ ನೀರಿನ ಮೇಲೆ ಹಾಲಿನ ಕೆನೆಯ ಹಾಗೆ ಕಟ್ಟುವಂಥದ್ದು. ಬೆಳಿಗ್ಗೆ ಎತ್ತಿ ನೆರಳಲ್ಲಿ ಹರವಿದರೆ ಮಧ್ಯಾಹ್ನಕ್ಕೆ ಹದವಾಗುತ್ತದೆ. ಗುರುತುಗಣ್ಣು ತಪ್ಪು ಕಂಡರೆ ಅದೇ ತೊಗಲು ಕೆತ್ತುವವರ ಕೈಯಲ್ಲೇ ಸುರುಟಿ ಕರ್ರಗಾಗುತ್ತದೆ.

ನಮ್ಮ ಸೀತಮ್ಮ ಹೋದ ಬೇಸಿಗೆಯಲ್ಲಿ ಹರಿದಳು. ಪದ್ಧತಿಯಂತೆ ಹೊಳೆಗೆ ಬಿಟ್ಟೆವು. ನಿಮ್ಮಿಂದ ಕೊಂಡವರ ವಾರಸುದಾರ ಯಾವುದೋ ದ್ವೀಪದಲ್ಲಿದ್ದಾನೆ. ಒಮ್ಮೆ ಕೆತ್ತಿಕೊಳ್ಳಲು ಬಿಡೆಂದು ಅಂಗಲಾಚಿದೆ. ತನ್ನ ಸೀತಮ್ಮನನ್ನು ಅವನು ಈವರೆಗೆ ತೆರೆದೇ ನೋಡಿಲ್ಲವಂತೆ. ಆದರೂ ಇನ್ನೊಂದು ಹುಟ್ಟಿದರೆ ತನ್ನದರ ಗತ್ತು ಹೋಗುತ್ತದಂತೆ. ಈಗ ಆಟದಲ್ಲಿ ರಾಮ ಬರೀ ಪರದೆಯ ಜೊತೆ ಮಾತಾಡುತ್ತಾನೆ. ನಾನು ಹಿಂದಿನಿಂದ ಸೀತಮ್ಮನ ಪದ ಹೇಳುತ್ತೇನೆ, ಜನ ನಗುತ್ತಾರೆ. ರಾಮನ ಅಂಚೂ ಬಿರಿದಿದೆ.

ನನ್ನ ಮಗಳು ಗಾಳೆಮ್ಮನಿಗೆ ಬಂದಿರುವ ಕೈಚಳಕ ನಮ್ಮ ಮನೆಯಲ್ಲಿ ಇನ್ನಾರಿಗೂ ಬಂದಿಲ್ಲ. ಬೇಡವೆಂದರೂ ಕೇಳದೆ ಮೊನ್ನೆ ಸೀತಮ್ಮನ ಮೂಗುತಿಯವರೆಗೆ ಕೆತ್ತಿದ್ದಳು. ತೊಗಲು ಸುಟ್ಟು ಬೆರಳಿಗೆ ಅಂಟಿತು. ಅವಳು ಅಳಲಿಲ್ಲ.

"ಅವ್ವಾ, ಸೀತಮ್ಮ ನಮ್ಮಾಕಿ ಅಲ್ಲೇನು? ಮತ್ತ ನಾನು ಕರದ್ರ ಯಾಕ ಬರವಲ್ಲಳು?" ಎಂದಳು.

ನಾನು ನಿಮ್ಮ ಹೆಸರು ಹೇಳಿದೆ. ನಿಮ್ಮ ಹೆಸರು ಈ ಮನೆಯಲ್ಲಿ ಹೀಗೆ ಬರುತ್ತಿದೆ ಎಂಬುದು ನಿಮಗೆ ತಿಳಿಯಲಿ.

ಆ ಸಾಲು ಹೊಡೆದುಹಾಕಿ. ಕೊಳ್ಳುವವರು ಮುಖ ತಿರುಗಿಸಿದರೆ ತಿರುಗಿಸಲಿ. ಅಷ್ಟು ಎದೆ ಇಲ್ಲದಿದ್ದರೆ ನಿಮ್ಮ ಮಗನಿಗೆ ಉಳಿ ಹಿಡಿಯುವುದನ್ನೇ ಕಲಿಸಬೇಡಿ, ವಿದ್ಯೆ ನಿಮ್ಮಲ್ಲೇ ಮುಗಿಯಲಿ. ಕೈಗೆ ವಿದ್ಯೆ ಕೊಟ್ಟು ಆಮೇಲೆ ಕೈ ಕಟ್ಟುವುದಕ್ಕಿಂತ ಅದೇ ವಾಸಿ.

ನಮಸ್ಕಾರ ಎಂದು ಬರೆಯಲು ಮನಸ್ಸು ಬರುತ್ತಿಲ್ಲ. ಒಳಗೆ ಗಾಳೆಮ್ಮ ಬೆರಳಿಗೆ ಬಟ್ಟೆ ಸುತ್ತಿಕೊಂಡು ಮತ್ತೆ ತೊಗಲು ಹರವುತ್ತಿದ್ದಾಳೆ. ಹೆತ್ತ ನಾನೇ ಎದ್ದು ಹೋಗಿ ಅವಳ ಕೈಯಿಂದ ಉಳಿ ಕಿತ್ತುಕೊಳ್ಳಬೇಕು.