ಗಾಜಿನ ಗೂಡಿನೊಳಗಿನ ಮಾತು

ವಡಗಾವಿ, ಬೆಳಗಾವಿ
೨೦ ನವೆಂಬರ್ ೨೦೨೫

ಪ್ರೀತಿಯ ತ್ರಿಶಲಾ,

ಜಯ ಜಿನೇಂದ್ರ. ದೀಪಾವಳಿಗೆ ನೀನು ಜಾಂಬೋಟಿಯಿಂದ ಕಳಿಸಿದ ಕೆಂಪು ಅವಲಕ್ಕಿ ಮುಗಿಯುತ್ತ ಬಂತು, ಮುಟ್ಟಿತೆಂದು ನಾನು ಒಂದು ಮಾತೂ ತಿಳಿಸಿಲ್ಲ. ಬೇಸರ ಮಾಡಿಕೊಳ್ಳಬೇಡ. ಎಷ್ಟೋ ಸಲ ಫೋನ್ ಎತ್ತಿ ಹಾಗೇ ಇಟ್ಟೆ. ಈಚೆಗೆ ಯಾವುದಕ್ಕೂ ಮೈ ಏಳುವುದಿಲ್ಲ. ಬಟ್ಟೆ ಒಣಹಾಕಿ ಬಂದರೆ ಅರ್ಧ ಗಂಟೆ ಸುಮ್ಮನೆ ಕುಳಿತಿರಬೇಕು.

ಬೆನ್ನುನೋವು ಹೇಗಿದೆ? ಈಗ ಎಡಗಾಲೂ ಜೋಮು ಹಿಡಿಯುತ್ತದೆ ಎಂದು ಜಿನೇಶರು ಹೇಳಿದರು. ಸ್ಕ್ಯಾನ್ ಯಂತ್ರದೊಳಗಿಂದ ನೀನು ಕೂಗಿ ಹೊರಬಂದ ದಿನ, ಅರವತ್ತರ ಹೆಂಗಸು ಕೂಸಿನ ಹಾಗೆ ಆಡುತ್ತಾಳೆ ಎಂದು ನಿನ್ನ ಗಂಡನೆದುರೇ ಬೈದೆ. ತಪ್ಪಾಯಿತು.

ಹೋದ ತಿಂಗಳು ಇಂಗ್ಲೆಂಡಿನ ನಿವೃತ್ತ ಮಾಸ್ತರರೊಬ್ಬರು ಮನೆ ಹುಡುಕಿಕೊಂಡು ಬಂದಿದ್ದರು. ನಾವು ಒಂಬತ್ತು ವರ್ಷದವರಿದ್ದಾಗ ನಟಿಸಿದ ಆ ಟಿವಿ ಧಾರಾವಾಹಿಯ ಅಭಿಮಾನಿಯಂತೆ. ಅದರ ಹೆಸರು ನಮ್ಮ ಮನೆಯಲ್ಲಿ ಕೇಳಿ ಐವತ್ತು ವರ್ಷವಾಯಿತು. ಅಪ್ಪ ಬರ್ಮಿಂಗ್‌ಹ್ಯಾಮಿನ ಫೌಂಡ್ರಿಯಲ್ಲಿದ್ದ ಕಾಲ. ಬೇರೆ ಗ್ರಹದಿಂದ ಬಂದ ಅವಳಿ ಮಕ್ಕಳು ಬೇಕಾಗಿದ್ದವರಿಗೆ ನಮ್ಮ ಮೈಬಣ್ಣವೇ ಅರ್ಧ ವೇಷವಾಗಿ ಕಂಡಿರಬೇಕು. ಉಳಿದರ್ಧಕ್ಕೆ ಬೆಳ್ಳಿ ಬಣ್ಣದ ಅಂಗಿ, ಹಣೆಗೊಂದು ತಗಡಿನ ಚುಕ್ಕೆ. ಆ ಅಂಟಿಗೆ ನಿನ್ನ ಹಣೆ ಕೆಂಪಾಗಿ ಉಬ್ಬುತ್ತಿತ್ತು.

ಆ ಟೇಪುಗಳನ್ನೆಲ್ಲ ಕಂಪನಿಯವರು ಎಂದೋ ಅಳಿಸಿಬಿಟ್ಟಿದ್ದರಂತೆ. ಕೊನೆಯ ಕಂತು ಮಾತ್ರ ಯಾರದೋ ಅಟ್ಟದಲ್ಲಿ ಸಿಕ್ಕಿದೆ. ಅದನ್ನು ಲ್ಯಾಪ್‌ಟಾಪಿನಲ್ಲಿ ತುಂಬಿಕೊಂಡು ತಂದಿದ್ದರು. ಪಕ್ಕದ ಮನೆಯ ರೇಣವ್ವ ಮಗ್ಗ ನಿಲ್ಲಿಸಿ ನೋಡಲು ಬಂದಳು.

“ಅಯ್ಯ, ಇದರಾಗ ನೀವು ಯಾರ್ರೀ ಬಾಯಾರ? ಇಬ್ಬರೂ ಒಂದ ಅಚ್ಚಿನ್ಯಾಗ ಒತ್ತಿದಂಗ ಅದೀರಲ್ಲ!” ಎಂದು ನಕ್ಕಳು.

ಆಮೇಲೆ ಆ ದೃಶ್ಯ ಬಂತು. ಗಾಜಿನ ಗೂಡಿನಲ್ಲಿ ನೀನು, ಒಳಗೆಲ್ಲ ಬಿಳಿ ಹೊಗೆ. ಹೊರಗೆ ನಾನು, ಭೂಮಿಯ ಸೇನಾಪತಿಯೊಡನೆ ಇಂಗ್ಲಿಷಿನಲ್ಲಿ ಸಂಧಾನದ ಮಾತಾಡುತ್ತಿದ್ದೇನೆ. ಹಿಂದೆ ನೀನು ಎರಡೂ ಕೈಯಿಂದ ಗಾಜು ಬಡಿಯುತ್ತ ಏನೋ ಕೂಗುತ್ತೀಯ. ಮಾಸ್ತರರು ಚಿತ್ರ ನಿಲ್ಲಿಸಿದರು. ಅದು ಯಾವ ಗ್ರಹದ ಭಾಷೆಯೆಂದು ಅಂದು ಯಾರೋ ಟಿವಿಯೆದುರು ಮುದ್ರಿಸಿಟ್ಟ ಧ್ವನಿಯನ್ನಷ್ಟೇ ಕೇಳಿ ಅವರ ಗೆಳೆಯರೆಲ್ಲ ದಶಕಗಟ್ಟಲೆ ಚರ್ಚೆ ಮಾಡಿದ್ದಾರಂತೆ; ಯಾರೋ ಅದರ ವ್ಯಾಕರಣವನ್ನೂ ಊಹಿಸಿ ಬರೆದಿದ್ದಾರಂತೆ. ಅಷ್ಟು ಚಿಕ್ಕ ಹುಡುಗಿ ಅಷ್ಟು ಚೆನ್ನಾಗಿ ನಟಿಸಿದ್ದನ್ನು ತಾನು ಕಂಡೇ ಇಲ್ಲ ಎಂದರು.

ರೇಣವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

“ಎಂಥಾ ನಾಟಕರೀ ಇದು? ಆ ಕೂಸು ನಮ್ಮ ಕನ್ನಡದಾಗ ಒದರಾಕತ್ತೈತಿ! ‘ಅಕ್ಕಾ, ಬಾಗಲಾ ತಗೀ, ಉಸರ ಬರವಲ್ದು’ ಅನ್ನಾಕತ್ತೈತಿ. ನಿಮಗ ಕೇಳಸವಲ್ದೇನ್ರಿ?”

ಏನೆಂದಳೆಂದು ಮಾಸ್ತರರು ಕೇಳಿದರು. ಹೇಳಿದೆ. ಮೆಲ್ಲಗೆ ಲ್ಯಾಪ್‌ಟಾಪ್ ಮುಚ್ಚಿ, “ಅಲ್ಲಿ ಯಾರಿಗೂ ತಿಳಿಯಲಿಲ್ಲವೇ?” ಎಂದರು. ಗೂಡಿನ ಚಿಲಕ ಸಿಕ್ಕಿಕೊಂಡಿತ್ತು, ಅವ್ವ ನಮ್ಮ ಊಟದ ಡಬ್ಬಿ ಬಿಸಿ ಮಾಡಲು ಕೆಳಗೆ ಹೋಗಿದ್ದಳು, ಉಳಿದವರಿಗೆ ಕನ್ನಡ ಬರುತ್ತಿರಲಿಲ್ಲ, ನಾನೂ ನಾಟಕವೆಂದೇ ತಿಳಿದೆ ಎಂದೆ.

ನಿನ್ನ ಒಪ್ಪಿಗೆಯಿಲ್ಲದೆ ಯಾರಿಗೂ ತೋರಿಸುವುದಿಲ್ಲವೆಂದು ಮಾತು ಕೊಟ್ಟು ಹೋದರು. ನಿನ್ನ ವಿಳಾಸ ಕೇಳಿದರು, ಕೊಡಲಿಲ್ಲ. ನೀನು ಬೇಡವೆಂದರೆ ಬೇಡ.

ಅವರು ಹೋದ ಮೇಲೆ ರೇಣವ್ವ ಕೇಳಿದಳು: “ಮುಂದ ಏನಾತ್ರಿ ಆ ಕೂಸಿಗೆ?” ಸ್ಟುಡಿಯೊದ ಬಡಗಿ ಬಂದು ಗೂಡಿನ ಬಾಗಿಲು ಒಡೆದು ನಿನ್ನನ್ನು ಎತ್ತಿಕೊಂಡ. ಎರಡು ತಿಂಗಳು ನೀನು ಬಾಯಿ ಬಿಡಲಿಲ್ಲ. ಅಪ್ಪ ನೌಕರಿಗೆ ರಾಜೀನಾಮೆ ಕೊಟ್ಟು ನಮ್ಮನ್ನು ಬೆಳಗಾವಿಗೆ ಕರೆತಂದ. ಜಾಂಬೋಟಿಯ ಜಡಿಮಳೆಯಲ್ಲೂ ನಿನ್ನ ಮನೆಯ ಬಾಗಿಲು ತೆರೆದೇ ಇರುತ್ತದೆ. ಬಚ್ಚಲಿಗೂ ನೀನು ಚಿಲಕ ಹಾಕುವುದಿಲ್ಲ. ನೆಂಟರೆಲ್ಲ ನಗುವಾಗ ನಾನೂ ನಕ್ಕಿದ್ದೇನೆ.

ಸುತ್ತಲೂ ತೆರೆದಿರುವ ಸ್ಕ್ಯಾನ್ ಯಂತ್ರವೂ ಇದೆಯೆಂದು ಡಾಕ್ಟರು ಹೇಳಿದರು. ಎಲ್ಲಿದೆ ಎಂದು ವಿಚಾರಿಸಿ ತಿಳಿದುಕೊಂಡಿದ್ದೇನೆ. ಮುಂದಿನ ಸೋಮವಾರ ನಾನು ಬಸ್ಸಿನಲ್ಲಿ ಖಾನಾಪುರಕ್ಕೆ ಬರುತ್ತೇನೆ. ಜಿನೇಶರು ನಿನ್ನನ್ನು ಅಲ್ಲಿಯವರೆಗೆ ಕರೆತರಲಿ, ಮುಂದಕ್ಕೆ ಕೂಡಿಯೇ ಹೋಗೋಣ. ಯಂತ್ರ ನಿಲ್ಲುವವರೆಗೂ ನಿನ್ನ ಕಾಲು ಹಿಡಿದು ನಿಂತಿರುತ್ತೇನೆ. ಈ ಕಾಗದ ಓದಿದ ಮೇಲೆ ನಾನು ಬರುವುದು ಬೇಡವೆನಿಸಿದರೆ ಅದನ್ನೂ ಹೇಳು.

ಹನ್ನೊಂದು ನಿಮಿಷಕ್ಕಾದರೂ ದೊಡ್ಡವಳಲ್ಲವೇ, ಹರಸುತ್ತೇನೆ. ನಿನ್ನ ನೋವು ಇಳಿಯಲಿ, ಕಣ್ಣಿಗೆ ನಿದ್ದೆ ಹತ್ತಲಿ.

ನಿನ್ನ ಅಕ್ಕ,
ಸುಹಾಸಿನಿ

ತಾ.ಕ.: ಮಾಸ್ತರರಿಗೆ ನಾನು ಹೇಳಿದ್ದು ಸುಳ್ಳು. ಅಂದು ಅವ್ವನಿಗೂ ಅದೇ ಸುಳ್ಳು ಹೇಳಿದ್ದೆ. ನೀನು ಮೊದಲ ಸಲ “ಅಕ್ಕಾ” ಎಂದಾಗಲೇ ನನಗೆ ತಿಳಿದಿತ್ತು. ಬೆಳಿಗ್ಗೆ ಎರಡು ಸಲ ಸಂಭಾಷಣೆ ತಪ್ಪಿ ಎಲ್ಲರೆದುರು ಬೈಸಿಕೊಂಡಿದ್ದೆ. ಇನ್ನೊಮ್ಮೆ ತಪ್ಪಿದರೆ ಎರಡೂ ಪಾತ್ರ ತಂಗಿಯಿಂದಲೇ ಮಾಡಿಸುತ್ತೇನೆ ಎಂದಿದ್ದರು ನಿರ್ದೇಶಕರು. ನನ್ನ ನಾಲ್ಕು ಮಾತು ಇನ್ನೂ ಉಳಿದಿದ್ದವು, ತ್ರಿಶಲಾ. ನಾಲ್ಕನ್ನೂ ಒಂದಕ್ಷರ ತಪ್ಪದೆ ಹೇಳಿ ಮುಗಿಸಿ, ಆಮೇಲೆ ನಿನ್ನ ಕಡೆ ತಿರುಗಿದೆ.