ಕುಡಿದು ಬಿಟ್ಟವರ ಟ್ರೇನಿಂಗು

ಕಿಣ್ಣಿ ಸುಲ್ತಾನ,
ಶ್ರಾವಣ ಸೋಮವಾರ, 9-8-1993

ಗೊಬ್ಬೂರದ ನಮ್ಮ ಮನೆಯವರಿಗೆ ಗೌರಾಬಾಯಿ ಮಾಡುವ ಶರಣಾರ್ಥಿ.

ನಾವು ತವರಮನ್ಯಾಗ ಎಲ್ಲಾರೂ ಆರಾಮ ಅದೀವಿ. ನೀವೂ ಆರಾಮ ಅಂತ ಬರದೀರಿ, ಸದ್ಯಕ್ಕ ನಂಬೇನಿ. ನಾ ಐದನೇತ್ತ ಸಾಲಿ ಅರ್ಧಕ್ಕ ಬಿಟ್ಟಾಕಿ, ಬರದದ್ದು ಹಿಂದಮುಂದ ಆದ್ರ ನೀವೇ ಹೊಂದಿಸಿಕೊಂಡು ಓದ್ರಿ.

ನಿಮ್ಮ ಕಾಗದ ಬಂದ ಕೂಡಲೆ ಮೊದಲು ಮೂಸಿ ನೋಡಿದೆ. ಸಿಟ್ಟಾಗಬ್ಯಾಡ್ರಿ, ರೂಢಿ ಬಿದ್ದದ. ವಾಸನಿ ಏನೂ ಇರಲಿಲ್ಲ. ಅಕ್ಷರ ನೆಟ್ಟಗ ಅದಾವ, ಎಲ್ಲೂ ಕೈ ನಡುಗಿಲ್ಲ. ಹಂಗಿದ್ದದ್ದಕ್ಕೇ ಮತ್ತ ಸಂಶಯ ಬಂತು, ಬ್ಯಾರೆಯವರ ಕಡಿಂದ ಬರಸೀರೋ ಏನೋ ಅಂತ.

ನೀವು ಕುಡಿಯೂದು ಬಿಡಾಕ ಸೇರಿದ ಗುಲ್ಬರ್ಗಾದ ಆ ಕೇಂದ್ರದಾಗೇ ಉಳದು, ಕುಡಿಯೋರಿಗೆ ತಿಳಿಸಿ ಹೇಳಿ ಬಿಡಿಸೋ ಕೆಲಸ ಕಲೀತೇನಿ, ಅದಕ್ಕ ಮೂರು ದಾರಿ ಅದಾವ ಅಂದೀರಿ. ಬಿ.ಎ. ಆದೋರು ಎರಡು ವರ್ಷ ಸಮಾಜಸೇವಾ ಓದೂದು, ಅದು ನಮ್ಮ ಮನಿತನದಾಗ ಯಾರಿಗೂ ಆಗೂ ಮಾತಲ್ಲ. ಮ್ಯಾಟ್ರಿಕ್ ಪಾಸಾದೋರು ಬೆಂಗಳೂರಿನ ದವಾಖಾನ್ಯಾಗ ಆರು ತಿಂಗಳು ಕಲಿಯೂದು. ನೀವು ಗಣಿತದಾಗ ನಪಾಸಾಗಿ ಉಳದೋರು. ಇನ್ನೊಂದು, ತಾವೇ ಕುಡದು ಬಿಟ್ಟೋರಿಗಂತ. ಒಂದು ವರ್ಷ ಹಿರಿಯರ ಬಾಜೂಕ ಕೂತು ಕಲಿಯೂದು, ಆಮ್ಯಾಲ ಸರ್ಟಿಫಿಕೇಟು, ನೌಕರಿ. ಅಲ್ರಿ, ಮೋಟಾರು ಗಟಾರಕ್ಕ ಕೆಡವಿದವನಿಗೇ ಕರದು ಡ್ರೈವರ್ ಕೆಲಸ ಕೊಡೋ ಕಂಪನಿ ಎಲ್ಯಾದ್ರೂ ಅದ ಏನ್ರಿ?

ತಮ್ಮ ದೇವಿಂದ್ರಪ್ಪಗ ಓದಿ ಹೇಳಿದೆ. ಅವ ಬಿದ್ದು ಬಿದ್ದು ನಕ್ಕ. ರೇವಣಪ್ಪ ಮಾಮಾ ಇಷ್ಟು ವರ್ಷ ಕುಡದದ್ದೇ ಕಾಲೇಜು ಅಂತ ತಿಳಕೋ ಬೇ ಅಕ್ಕಾ, ಹಾಜರಿ ಅಂತೂ ಪೂರಾ ಅದ ಅಂದ. ನನಗ ನಗು ಬರಲಿಲ್ಲ. ದಿನಾ ಕುಡಕರ ನಡುವ ಕೂಡೋರು ನೀವು. ಅವರ ಬಾಯಿ ವಾಸನಿ ನಿಮ್ಮನ್ನ ಎಳದ್ರ? ಸಿಂದಿ ಗಿಡದ ಬುಡಕ ಕೂತು ಮಜ್ಜಗಿ ಕುಡಿದ್ರೂ ಮಂದಿ ಸುಮ್ಮ ಬಿಡ್ತಾರ?

ಈಗ ದೊಡ್ಡ ಮಾತಿಗೆ ಬರತೇನಿ. ಎರಡು ವರ್ಷದಿಂದ ಮುಟ್ಟಿಲ್ಲ ಅಂತ ಹೆಂಡ್ತಿ ಬಂದು ಅಲ್ಲಿಯ ದೊಡ್ಡ ಸರ್ ಮುಂದ ಹೇಳಿದ್ರನೇ ಸೀಟಂತ. ನಾ ಹೌದಂದ್ರ ನೀವು ಅಲ್ಲಿ ಉಳೀತೀರಿ, ನನಗೂ ಖೋಲಿ ಹಿಡಿತೀರಿ. ಅಲ್ಲಂದ್ರ ಭೂಸನೂರದ ಸಕ್ಕರಿ ಕಾರ್ಖಾನ್ಯಾಗ ಮತ್ತ ಕಬ್ಬು ಇಳಸೂದೇ ಗತಿ. ನೀವು ಅಲ್ಲಿ, ನಾ ಇಲ್ಲಿ. ಕಣ್ಣೀಲೆ ನೋಡಲಾರದ್ದು ಹ್ಯಾಂಗ ಹೇಳಲಿ? ನನ್ನ ತಿರುಗಿ ಕರಕೊಂಡು ಹೋಗೋ ಹೊಸಾ ಹಿಕ್ಮತ್ತು ಇದು ಅಂತ ನನಗ ಯಾಕ ಅನಸಬಾರದು?

ನಮ್ಮ ಕಡೆ ಕುಡಿಯೂದು ಬಿಡಿಸೂದಂದ್ರ ಮಠಕ್ಕ ಕರಕೊಂಡು ಹೋಗಿ, ಇಬತ್ತಿ ಮುಟ್ಟಿಸಿ ಆಣಿ ಮಾಡಸೂದು. ನೀವೂ ಮಾಡಿದ್ರಿ. ಅವ್ವ ಅದನ್ನ ನಂಬಿ ಉಡಿ ತುಂಬಿ ನನ್ನ ಗೊಬ್ಬೂರಕ್ಕ ಕಳಸಿದ್ಲು. ಎಳ್ಳಮಾಸಿ ಹಬ್ಬ ಬರೂದರಾಗ ನಾ ತಿರುಗಿ ಬಂದೆ. ಮತ್ತ ಆಣಿ, ಮತ್ತ ಉಡಿ, ಮತ್ತ ಅದೇ ಬಸ್ಸು. ಗೌರಾ, ನಿನ್ನ ಉಡಿ ಅಕ್ಕಿ ಕೂಡಿಸಿಟ್ಟಿದ್ರ ಒಂದು ಮದಿವಿ ಊಟ ಆಗತಿತ್ತಲ್ಲ ಬೇ ಅಂತ ಬಾಜೂ ಮನಿ ಸಾಬಮ್ಮ ಆಡಿಕೊಂಡ್ಲು. ಈಗ ನೋಡಿದ್ರ ನಿಮ್ಮ ಕೇಂದ್ರದಾಗ ಆಣಿನೇ ಇಲ್ಲಂತ. ತಾ ಮಾಡಿದ್ದು ತಾನೇ ಮಂದಿ ಮುಂದ ಕೂತು ಹೇಳೂದಂತ, ಅದೇ ಔಷಧಂತ. ದೇವರಿಗೆ ಹೆದರದವರು ಮಂದಿಗೆ ಹೆದರತಾರೇನು? ನನಗ ತಿಳೀವಲ್ದು. ವಿಚಾರ ಮಾಡಿ ಮಾಡಿ ರೊಟ್ಟಿ ಹೊತ್ತತಾವ.

ಇಪ್ಪತ್ತೈದಕ್ಕ ಕೇಂದ್ರಕ್ಕ ಬಾ ಅಂದೀರಿ. ನೋಡತೇನಿ. ಹೊತ್ತಿಗೆ ಸರಿ ಉಣ್ರಿ, ಖಾಲಿ ಹೊಟ್ಟಿಲೆ ಚಹಾ ಬ್ಯಾಡ, ನಿಮಗ ಪಿತ್ತ ಏರತದ.

ನಂಬಬೇಕಂತ ಇದ್ದರೂ ನಂಬಲಾರದಾಕಿ,
ಗೌರಾಬಾಯಿ

ತಾ.ಕ.: ಇದನ್ನ ಬರಿಬಾರದು ಅಂತ ಮಾಡಿದ್ದೆ. ಹೋದ ವಾರ ಜೇವರ್ಗಿಯೊಳಗ ನಿಮ್ಮ ಕೇಂದ್ರದವರು ಶಿಬಿರ ಇಟ್ಟಿದ್ರಲ್ಲ, ಅಲ್ಲಿಗೆ ನಾ ಬಂದಿದ್ದೆ. ಆಳಂದಕ್ಕ ಬಳಿ ಇಡಸಿಕೊಳ್ಳಾಕ ಹೋಗತೇನಿ ಅಂತ ಅವ್ವಗ ಸುಳ್ಳು ಹೇಳಿ, ಸಾಬಮ್ಮನ್ನ ಜೋಡಿ ಕರಕೊಂಡು ಬಂದು, ಹೆಂಗಸೂರ ಸಾಲಿನಾಗ ಸೆರಗು ಎಳಕೊಂಡು ಹಿಂದ ಕೂತೆ. ನೀವು ಮಂದಿ ಮುಂದ ನಿಂತು ಎತ್ತು ಮಾರಿ ಕುಡದದ್ದು ಹೇಳಿದ್ರಿ. ನನ್ನ ಬಂಗಾರದ ಬೋರಮಾಳ ಕದ್ದದ್ದು ಹೇಳಿದ್ರಿ. ಗಂಡಸೂರು ಅಳಾಕತ್ತಿದ್ರು, ನಾನೂ ಅತ್ತೆ. ಆಗ ಒಬ್ಬಾಕಿ ಎದ್ದು ನಿಂತು, ಹೆಂಡ್ತಿಗೆ ಹೊಡದೀರೇನ್ರಿ ಅಂತ ಕೇಳಿದ್ಲು. ನೀವು, ಇಲ್ರಿ ತಾಯಿ, ಅಕಿ ಮ್ಯಾಲ ಎಂದೂ ಕೈ ಎತ್ತಿಲ್ಲ ಅಂದ್ರಿ.

ಆ ಮಾತು ನಾ ಬಲಗಿವಿಲೆ ಕೇಳಿದೆ. ಎಡಗಿವಿ ಯಾವಾಗಿಂದ ಕೇಳಸೂದಿಲ್ಲ ಅಂತ ನಿಮಗ ಗೊತ್ತದ.

ನೀವು ದಾರೂ ಮುಟ್ಟಿಲ್ಲ, ಖರೆ. ಅವತ್ತು ನಿಮ್ಮ ಮಾರಿ ನೋಡೇ ಗುರುತು ಹಿಡದೆ. ಅದನ್ನ ಸರ್ ಮುಂದ ಹೇಳತೇನಿ. ಆದರ ಮೊದಲು ನೀವು ಮಂದಿ ಮುಂದ ಉಳದದ್ದು ಹೇಳ್ರಿ. ನಾ ಬಾಗಲದಾಗ ನಿಂತಿರತೇನಿ. ಕೇಳಿದ ಮ್ಯಾಲ ಒಳಗ ಬರತೇನಿ.